ಹಿತ್ತಲಿನ ಮಣ್ಣು

ದಾವಣಗೆರೆ, ಚಿತ್ರದುರ್ಗಗಳ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಣ್ಣ, ತಿಪ್ಪಮ್ಮ ಎಂಬ ಹೆಸರುಗಳು ಕೇಳಿಬರದ ಬೀದಿಯೇ ಇಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಣ ಭಕ್ತಿಯೇ ಇದಕ್ಕೆ ಮುಖ್ಯ ಕಾರಣ. ಹುಟ್ಟಿದ ಕೂಸುಗಳು ಉಳಿಯದ ಮನೆಗಳಲ್ಲಿ ಎಳೆಯ ಮಗುವನ್ನು ಕ್ಷಣಕಾಲ ತಿಪ್ಪೆಯ ಮೇಲೆ ಮಲಗಿಸಿ, ಮರಳಿ ಎತ್ತಿಕೊಂಡು, ಅದಕ್ಕೆ ಆ ಹೆಸರಿಡುವ ರೂಢಿಯೂ ಹಿಂದೆ ಇದ್ದಿತು. ಪೇಟೆಯಲ್ಲಿ ಬೆಳೆದವರಿಗೆ ಈ ಹೆಸರು ನಗೆ ತರಿಸೀತು. ಅವರ ಕಣ್ಣಿಗೆ ತಿಪ್ಪೆಯೆಂದರೆ ಕಸದ ಗುಡ್ಡೆ. ಮೂಗು ಮುಚ್ಚಿಕೊಂಡು ದಾಟಿಹೋಗಬೇಕಾದ ತಾಣ. ಬೇಸಾಯಗಾರನಿಗೆ ಹಾಗಲ್ಲ. ಅವನಿಗೆ ಅದು ಬರುವ ವರ್ಷದ ಕಣಜ. ದೀಪಾವಳಿಯ ಪಾಡ್ಯದಂದು ಸಗಣಿಯ ಹಟ್ಟೆವ್ವನನ್ನು ಮಾಡಿ, ಚೆಂಡುಹೂ ಮುಡಿಸಿ ಪೂಜಿಸುವ ಮನೆಗಳಲ್ಲಿ ತಿಪ್ಪೆಗೂ ಪೂಜೆಯ ಒಂದು ಪಾಲು ಸಲ್ಲುತ್ತದೆ. ಬೇಡವಾದದ್ದು, ಬಾಡಿದ್ದು, ಕೊಳೆತದ್ದು ಎಲ್ಲವೂ ಅಲ್ಲಿಗೆ ಹೋಗಿ ಸೇರುತ್ತವೆ. ಅಲ್ಲಿಂದ ಅನ್ನವಾಗಿ ಮರಳುತ್ತವೆ. ಮಗುವಿಗೆ ಆಯುಸ್ಸನ್ನು ಬೇಡಿದ ತಾಯಿ ಅಂತಹ ಸ್ಥಳವನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ?

ದಾವಣಗೆರೆಯಿಂದ ಸುಮಾರು 14 ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ದಡದಲ್ಲಿ ಹರಿಹರವಿದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಮಂತ್ರಿ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಒಂದೇ ವಿಗ್ರಹದ ಒಂದು ಪಾರ್ಶ್ವ ಹರಿ, ಇನ್ನೊಂದು ಪಾರ್ಶ್ವ ಹರ. ಪಾಲಿಸುವವನೂ ಲಯಗೊಳಿಸುವವನೂ ಅಲ್ಲಿ ಒಂದೇ ಕಲ್ಲಿನಲ್ಲಿ ನಿಂತಿದ್ದಾರೆ. ಶಿಲ್ಪಿಯ ಮನಸ್ಸಿನಲ್ಲಿದ್ದುದು ಮತಗಳ ಸಾಮರಸ್ಯವೇ ಹೊರತು ಕೃಷಿಶಾಸ್ತ್ರವಲ್ಲ. ಆದರೂ ಮಣ್ಣಿನ ಸ್ವಭಾವವನ್ನು ಬಲ್ಲವರಿಗೆ ಆ ಮೂರ್ತಿ ಬೇರೊಂದು ಅರ್ಥವನ್ನು ಹೊಳೆಯಿಸದೆ ಇರದು. ಲಯವಿಲ್ಲದ ಮಣ್ಣಿನಲ್ಲಿ ಪಾಲನೆಯೂ ಇಲ್ಲ. ಎಲೆ ಕೊಳೆಯದಿದ್ದರೆ ಎಲೆ ಚಿಗುರದು.

ಈ ಎರಡು ಊರುಗಳ ಸುತ್ತಲಿನ ನೆಲ ಒಂದೇ ಬಗೆಯದಲ್ಲ. ಒಂದು ಕಡೆ ಹತ್ತಿಗೆ ಹೆಸರಾದ ಎರೆಯ ಭೂಮಿ. ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳೆದ್ದು, ಅದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಜನ ಕರೆದದ್ದು ಈ ಕಪ್ಪು ಮಣ್ಣಿನ ಕೃಪೆಯಿಂದ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹತ್ತಿಯ ಹೊಲಗಳನ್ನು ಬಹುಮಟ್ಟಿಗೆ ಮೆಕ್ಕೆಜೋಳ ಆವರಿಸಿತು. ಮತ್ತೊಂದು ಕಡೆ ಕೆಮ್ಮಣ್ಣಿನ ಮಟ್ಟಿಗಳು. ಹರಿಹರದ ಹೊಳೆಯಂಚಿನಲ್ಲಿ ತುಂಗಭದ್ರೆ ತಂದು ಹರಡಿದ ಮೆಕ್ಕಲು ಮಣ್ಣು. ಭದ್ರಾ ನಾಲೆಯ ನೀರು ಬಂದ ಮೇಲೆ ಇವುಗಳ ನಡುವೆ ಗದ್ದೆಗಳೂ ಅಡಕೆಯ ತೋಟಗಳೂ ಹಬ್ಬಿದವು. ಮಳೆ ಮಾತ್ರ ವರ್ಷಕ್ಕೆ 600ರಿಂದ 700 ಮಿಲಿಮೀಟರು. ಬಿದ್ದ ನೀರನ್ನು ಹಿಡಿದಿಟ್ಟುಕೊಳ್ಳುವ ನೆಲಕ್ಕೆ ಇದು ಸಾಕು. ಹಿಡಿದಿಟ್ಟುಕೊಳ್ಳಲಾರದ ನೆಲಕ್ಕೆ ಇದರ ಎರಡರಷ್ಟು ಸುರಿದರೂ ಸಾಲದು.

ಹಳೆಯ ದಾವಣಗೆರೆಯ ಮನೆಗಳಿಗೆ ಹಿತ್ತಲಿದ್ದಿತು. ಬಚ್ಚಲ ನೀರು ಹರಿದು ಬಾಳೆಯ ಬುಡವನ್ನು ಸೇರುತ್ತಿತ್ತು. ಒಲೆಯ ಬೂದಿ, ತರಕಾರಿಯ ಸಿಪ್ಪೆ, ದನದ ಕೊಟ್ಟಿಗೆಯ ಗಂಜಲ ಸಗಣಿಗಳು ಮೂಲೆಯ ಗುಂಡಿಗೆ ಬೀಳುತ್ತಿದ್ದವು. ಚಪ್ಪರದ ಅವರೆ, ಹೀರೆ, ಬಸಳೆಗಳಿಗೆ ಯಾರೂ ಅಂಗಡಿಯಿಂದ ಗೊಬ್ಬರ ತಂದದ್ದಿಲ್ಲ. ಊರು ಬೆಳೆದಂತೆ ಹೊಲಗಳು ಬಡಾವಣೆಗಳಾದವು. ಮೂವತ್ತು ನಲವತ್ತಡಿಯ ನಿವೇಶನದಲ್ಲಿ ಮನೆ ಎದ್ದು ಉಳಿದದ್ದು ಗೋಡೆಗೂ ಕಾಂಪೌಂಡಿಗೂ ನಡುವಿನ ಮೂರಡಿ ಪಟ್ಟಿ. ಆ ಪಟ್ಟಿಯಲ್ಲಿರುವುದಾದರೂ ಮೊದಲಿನ ಹೊಲದ ಮಣ್ಣೇ ಎಂದು ತಿಳಿದರೆ ತಪ್ಪು. ತಳಪಾಯಕ್ಕಾಗಿ ಅಗೆದಾಗ ಆಳದ ಸತ್ವಹೀನ ಮಣ್ಣು ಮೇಲಕ್ಕೆ ಬಂದಿದೆ. ಮೇಲಿನ ಮಣ್ಣು ಕೆಳಗೆ ಹೂತುಹೋಗಿದೆ. ಅದರೊಡನೆ ಇಟ್ಟಿಗೆಯ ಚೂರು, ಗಾರೆಯ ಹೆಂಟೆ, ಸಿಮೆಂಟಿನ ಪುಡಿ ಬೆರೆತಿವೆ. ಹೊಸ ಮನೆಯ ಗೃಹಿಣಿ ಅಲ್ಲಿ ಒಂದು ಕರಿಬೇವನ್ನೋ ದಾಸವಾಳವನ್ನೋ ನೆಡುತ್ತಾಳೆ. ಆರು ತಿಂಗಳಲ್ಲಿ ಎಳೆಯ ಎಲೆಗಳು ಬಿಳಿಚಿಕೊಳ್ಳುತ್ತವೆ. ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಗೊಬ್ಬರ ಸಾಲದೆಂದು ಯೂರಿಯಾ ಹಾಕುತ್ತಾರೆ. ಗಿಡ ಚೇತರಿಸಿಕೊಳ್ಳುವುದಿಲ್ಲ. ದೋಷವನ್ನು ಗಿಡದ ಮೇಲೋ ತಂದ ನರ್ಸರಿಯ ಮೇಲೋ ಹೊರಿಸಿ ಎಲ್ಲರೂ ಸುಮ್ಮನಾಗುತ್ತಾರೆ.

ಇಲ್ಲಿ ನಡೆದಿರುವುದೇನು? ಎರೆಮಣ್ಣಿನಲ್ಲಿ ಸ್ವಭಾವತಃ ಸುಣ್ಣದ ಅಂಶ ಹೆಚ್ಚು. ಕಟ್ಟಡದ ಸಿಮೆಂಟು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇಂತಹ ಕ್ಷಾರಗುಣದ ಮಣ್ಣಿನಲ್ಲಿ ಕಬ್ಬಿಣವೂ ಸತುವೂ ಇದ್ದರೂ ನೀರಿನಲ್ಲಿ ಕರಗುವ ರೂಪದಲ್ಲಿರುವುದಿಲ್ಲ. ಬೇರಿಗೆ ಅವು ದಕ್ಕುವುದಿಲ್ಲ. ಬೀಗ ಹಾಕಿದ ಉಗ್ರಾಣದ ಬಾಗಿಲಲ್ಲಿ ಕುಳಿತು ಹಸಿದವನ ಸ್ಥಿತಿ ಆ ಗಿಡದ್ದು. ಕೊಳೆತ ಸಾವಯವ ಪದಾರ್ಥ ಈ ಬೀಗಕ್ಕೆ ಕೀಲಿಕೈ. ಕೊಳೆಯುವಾಗ ಹುಟ್ಟುವ ಆಮ್ಲಗಳು ಕ್ಷಾರವನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತವೆ; ಕಬ್ಬಿಣ, ಸತುಗಳನ್ನು ಹಿಡಿದು ಬೇರಿನ ಬಳಿಗೆ ತಲುಪಿಸುತ್ತವೆ. ಹಳಬರ ಮಾತೆಂದು ಒಲೆಯ ಬೂದಿಯನ್ನು ಎಲ್ಲ ಗಿಡಗಳಿಗೂ ಸುರಿಯುವವರು ಇಲ್ಲಿ ಎಚ್ಚರ ವಹಿಸಬೇಕು. ಹುಳಿ ಹೆಚ್ಚಿರುವ ಮಲೆನಾಡಿನ ಕೆಮ್ಮಣ್ಣಿಗೆ ಬೂದಿ ಹಿತ. ಎರೆಗೆ ಅದು ಉರಿಯುವ ಗಾಯಕ್ಕೆ ಉಪ್ಪು ಸವರಿದಂತೆ. ಅಜ್ಜಿಯ ಮದ್ದು ಅಜ್ಜಿಯ ಊರಿನ ಮಣ್ಣಿಗೆ ಹೇಳಿದ್ದು.

ಇನ್ನು ಎರೆಮಣ್ಣಿನ ಮೈಕಟ್ಟಿನ ವಿಚಾರ. ಇದು ಅತಿ ನುಣುಪಾದ ಜೇಡಿಯ ಕಣಗಳಿಂದ ಆದದ್ದು. ನೀರು ಬಿದ್ದೊಡನೆ ಉಬ್ಬಿ ಅಂಟಾಗುತ್ತದೆ. ಬೇಸಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಒಳ್ಳೆಯ ತೋಟದ ಮಣ್ಣಿನಲ್ಲಿ ಸುಮಾರು ಅರ್ಧ ಭಾಗ ಮಾತ್ರ ಗಟ್ಟಿ ವಸ್ತು. ಉಳಿದರ್ಧ ಬರಿಯ ಅವಕಾಶ. ಆ ಅವಕಾಶದಲ್ಲಿ ನೀರೂ ಗಾಳಿಯೂ ಹಂಚಿಕೊಂಡು ವಾಸಿಸುತ್ತವೆ. ಬೇರಿಗೂ ಉಸಿರಾಟವಿದೆಯೆಂಬುದನ್ನು ನೀರುಣಿಸುವವರು ಬೇಗನೆ ಮರೆಯುತ್ತಾರೆ. ಎರೆಯಲ್ಲಿ ಕಣಗಳು ಒತ್ತಾಗಿರುವುದರಿಂದ ಮಳೆಗಾಲದಲ್ಲಿ ಗಾಳಿಗೆ ಎಡೆಯಿಲ್ಲ. ಬೇಸಗೆಯಲ್ಲಿ ನೀರಿದ್ದರೂ ಜೇಡಿ ಅದನ್ನು ಬಿಡಿಸಲಾಗದಂತೆ ಹಿಡಿದಿರುತ್ತದೆ. ಮರಳು ಬೆರೆಸಿದರೆ ಸರಿಹೋದೀತೆಂದು ಹಲವರು ಭಾವಿಸುತ್ತಾರೆ. ಒಂದೆರಡು ಬುಟ್ಟಿ ಮರಳಿನಿಂದ ಏನೂ ಆಗದು. ಜೇಡಿಯೂ ಮರಳೂ ಬೆರೆತು ಒಣಗಿದರೆ ಅದು ಗಾರೆಯಂತೆಯೇ ಗಟ್ಟಿಯಾಗುತ್ತದೆ. ಆ ಕೆಲಸವನ್ನು ಮಾಡಬಲ್ಲದ್ದು ಕೊಳೆತ ಗೊಬ್ಬರವೊಂದೇ. ಅದರೊಳಗಿನ ಸೂಕ್ಷ್ಮಜೀವಿಗಳು ಸ್ರವಿಸುವ ಅಂಟು, ಬೂಷ್ಟಿನ ಎಳೆಗಳು, ಎಳೆಯ ಬೇರುಗಳು ಕೂಡಿ ಜೇಡಿಯ ಕಣಗಳನ್ನು ಕಡಲೆಬೇಳೆಯ ಗಾತ್ರದ ಉಂಡೆಗಳನ್ನಾಗಿ ಕಟ್ಟುತ್ತವೆ. ಉಂಡೆಯೊಳಗೆ ನೀರು, ಉಂಡೆಗಳ ನಡುವೆ ಗಾಳಿ.

ಕಸವನ್ನು ಗೊಬ್ಬರವಾಗಿಸುವ ವಿದ್ಯೆಗೆ ಕರ್ನಾಟಕದ ಕಾಣಿಕೆ ಸಣ್ಣದಲ್ಲ. ಆಲ್ಬರ್ಟ್ ಹೊವಾರ್ಡ್ ಎಂಬ ಆಂಗ್ಲ ವಿಜ್ಞಾನಿ 1924ರಿಂದ 1931ರವರೆಗೆ ಇಂದೂರಿನ ಸಂಸ್ಥೆಯಲ್ಲಿದ್ದು, ಭಾರತದ ರೈತರನ್ನೇ ತನ್ನ ಗುರುಗಳೆಂದು ಬಗೆದು, ಹಸಿರು ಕಸ, ಒಣ ಕಸ, ಸಗಣಿಗಳನ್ನು ಪದರಪದರವಾಗಿ ಒಟ್ಟಿ ಆಗಾಗ ತಿರುವಿಹಾಕುವ ಇಂದೂರು ಪದ್ಧತಿಯನ್ನು ರೂಪಿಸಿದನು. ಅದರ ಬೆನ್ನಿಗೇ, 1939ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾ. ಸಿ. ಎನ್. ಆಚಾರ್ಯರು ಪಟ್ಟಣಗಳ ಕಸವನ್ನು ಗೊಬ್ಬರವಾಗಿಸುವ ಇನ್ನೊಂದು ಮಾರ್ಗವನ್ನು ತೋರಿಸಿಕೊಟ್ಟರು. ಸುಮಾರು ಮೂರಡಿ ಆಳದ ಕಂದಕದಲ್ಲಿ ಕಸವನ್ನೂ ಮಲವನ್ನೂ ಪದರಗಳಾಗಿ ತುಂಬಿ, ಮೇಲೆ ಮಣ್ಣಿನಿಂದ ಮುಚ್ಚಿ, ತಿರುವದೆ ಆರೆಂಟು ತಿಂಗಳು ಬಿಡುವುದು ಆ ಪದ್ಧತಿ. ಪ್ರಪಂಚದ ಕೃಷಿ ಗ್ರಂಥಗಳಲ್ಲಿ ಅದು ಇಂದಿಗೂ ‘ಬೆಂಗಳೂರು ಪದ್ಧತಿ’ ಎಂದೇ ಪ್ರಸಿದ್ಧ. ನೊಣಕ್ಕೆ ಆಸ್ಪದವಿಲ್ಲ, ತೇವ ಆರುವುದಿಲ್ಲ, ಆಳಿನ ಖರ್ಚು ಕಡಿಮೆ. ಮನೆಯ ಹಿತ್ತಲಿಗಾದರೋ ಮಲವನ್ನು ಬಿಟ್ಟು, ಇಂದೂರಿನ ತಿರುವುವಿಕೆಯನ್ನೂ ಬೆಂಗಳೂರಿನ ಮುಚ್ಚಿಗೆಯನ್ನೂ ಕೂಡಿಸಿಕೊಳ್ಳುವುದೇ ಜಾಣತನ.

ಹೇಗೆಂದರೆ, ಬಿಸಿಲು ನೇರವಾಗಿ ಬೀಳದ ಮೂಲೆಯಲ್ಲಿ ಮೂರಡಿ ಉದ್ದ, ಮೂರಡಿ ಅಗಲ, ಅಷ್ಟೇ ಎತ್ತರದ ಒಂದು ಗೂಡು ಬೇಕು. ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿದರೆ ಗಾಳಿ ಆಡುತ್ತದೆ. ಇದಕ್ಕಿಂತ ಚಿಕ್ಕದಾದರೆ ರಾಶಿಗೆ ಕಾವು ಹುಟ್ಟದು. ತಳದಲ್ಲಿ ಮೆಕ್ಕೆಜೋಳದ ಬೆಂಡು, ತೆಂಗಿನ ಸಿಪ್ಪೆಗಳಂತಹ ಒರಟು ವಸ್ತುಗಳಿರಲಿ. ಅದರ ಮೇಲೆ ಒಣ ಎಲೆಯ ಗೇಣುದ್ದದ ಪದರ, ಅಡುಗೆಮನೆಯ ಹಸಿ ಕಸದ ನಾಲ್ಕು ಬೆರಳ ಪದರ, ಸಗಣಿಯ ಬಗ್ಗಡ, ಒಂದು ಬೊಗಸೆ ಹಿತ್ತಲ ಮಣ್ಣು. ಮತ್ತೆ ಒಣ ಎಲೆ. ಒಣ ಕಸದಲ್ಲಿ ಇಂಗಾಲ ಹೆಚ್ಚು, ಹಸಿ ಕಸದಲ್ಲಿ ಸಾರಜನಕ ಹೆಚ್ಚು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲದ ಸುಮಾರು 30 ಪಾಲು ಹಿತಕರ. ತೂಕದ ತಕ್ಕಡಿ ಇದಕ್ಕೆ ಬೇಕಿಲ್ಲ, ಮೂಗೇ ತಕ್ಕಡಿ. ರಾಶಿ ನಾರಿದರೆ ಹಸಿ ಹೆಚ್ಚಾಯಿತೆಂದು ಒಣ ಎಲೆ ಸೇರಿಸುವುದು. ತಿಂಗಳಾದರೂ ಹಾಗೆಯೇ ಬಿದ್ದಿದ್ದರೆ ಒಣಗಿತೆಂದು ನೀರನ್ನೋ ಸಗಣಿಯನ್ನೋ ಚಿಮುಕಿಸುವುದು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿದರೆ ತೇವ ಸರಿಯಾಗಿದೆ. ಹದವಾಗಿ ಕೂಡಿದ ರಾಶಿ ನಾಲ್ಕೈದು ದಿನಗಳಲ್ಲೇ ಕಾಯುತ್ತದೆ. ಒಳಗಿನ ಉಷ್ಣತೆ 55ರಿಂದ 65 ಡಿಗ್ರಿ ಸೆಲ್ಸಿಯಸಿನವರೆಗೂ ಏರಬಹುದು. ಒಳಗೆ ಚುಚ್ಚಿಟ್ಟ ಕಬ್ಬಿಣದ ಸರಳನ್ನು ಎಳೆದು ಮುಟ್ಟಿದರೆ ಕೈ ಹಿಂದಕ್ಕೆ ಸರಿಯುತ್ತದೆ. ಕಳೆಯ ಬೀಜಗಳೂ ರೋಗಾಣುಗಳೂ ಸಾಯುವುದು ಆ ಕಾವಿನಲ್ಲಿ. ಕಾವು ಇಳಿದಾಗ ಹೊರಗಿನದನ್ನು ಒಳಗೂ ಒಳಗಿನದನ್ನು ಹೊರಗೂ ತಿರುವಿಹಾಕಿ, ಮೇಲೆ ಗೋಣಿಯನ್ನು ಹೊದಿಸಬೇಕು. ಎರಡು ಮೂರು ತಿರುವಿನ ಬಳಿಕ, ಮೂರು ತಿಂಗಳಿನ ಆಚೀಚೆಗೆ, ಹಾಕಿದ ವಸ್ತುವಿನ ಗುರುತೇ ಸಿಗದಂತಹ, ಮೊದಲ ಮಳೆಯ ನೆಲದ ವಾಸನೆ ಬರುವ ಕರಿಯ ಪುಡಿ ದೊರೆಯುತ್ತದೆ. ಆ ವಾಸನೆ ಬರುವವರೆಗೆ ಅದನ್ನು ಗಿಡಕ್ಕೆ ಹಾಕಬಾರದು. ಅರೆಕೊಳೆತ ಕಸ ಮಣ್ಣಿನೊಳಗೆ ಹೋದರೆ ಅಲ್ಲಿಯ ಸಾರಜನಕವನ್ನು ತಾನೇ ಕಬಳಿಸಿ ಗಿಡವನ್ನು ಉಪವಾಸ ಕೆಡವುತ್ತದೆ. ಎಣ್ಣೆಯ ತಿಂಡಿ, ಮಾಂಸದ ಚೂರುಗಳು ರಾಶಿಗೆ ಬೇಡ. ಇಲಿ ಹೆಗ್ಗಣಗಳಿಗೆ ಆಮಂತ್ರಣವಿತ್ತಂತಾಗುತ್ತದೆ.

ದಾವಣಗೆರೆಯವರಿಗೆ ಬೇರೆ ಊರಿನವರಿಗಿಲ್ಲದ ಒಂದು ಅನುಕೂಲವಿದೆ. ಅದು ಬತ್ತದ ಹೊಟ್ಟು. ಅಕ್ಕಿಯ ಗಿರಣಿಗಳಲ್ಲೂ ಮಂಡಕ್ಕಿ ಭಟ್ಟಿಗಳ ಸುತ್ತಲೂ ಹೊಟ್ಟೂ ಅದರ ಬೂದಿಯೂ ಗುಡ್ಡೆಗುಡ್ಡೆಯಾಗಿ ದೊರೆಯುತ್ತವೆ. ಬೆಣ್ಣೆದೋಸೆಯಷ್ಟೇ ಮಂಡಕ್ಕಿಗೂ ಹೆಸರಾದ ಊರಿನಲ್ಲಿ ಇದು ಸಹಜವೇ. ಹಸಿ ಹೊಟ್ಟನ್ನು ನೇರವಾಗಿ ಮಣ್ಣಿಗೆ ಬೆರೆಸುವುದರಿಂದ ಪೋಷಣೆಯ ಲಾಭವಿಲ್ಲ. ಸಿಲಿಕದ ಕವಚವಿರುವ ಅದು ಬೇಗ ಕೊಳೆಯದು. ಆದರೆ ಅರೆಬೆಂದು ಇದ್ದಲಿನಂತೆ ಕಪ್ಪಾದ ಹೊಟ್ಟು ಎರೆಯ ಬಿಗಿಯನ್ನು ಸಡಿಲಿಸಲು ತುಂಬ ಒಳ್ಳೆಯದು. ಪೂರ್ತಿ ಸುಟ್ಟ ಬಿಳಿಬೂದಿಗಿಂತ ಈ ಕರಿಯ ಹೊಟ್ಟನ್ನೇ ಕೇಳಿ ತರಬೇಕು. ಸಗಣಿಯೊಡನೆಯೋ ಗೊಬ್ಬರದೊಡನೆಯೋ ಕೆಲವು ವಾರ ನೆನೆಸಿಟ್ಟು ಹಾಕಿದರೆ ಇನ್ನೂ ಮೇಲು. ಹರಿಹರದ ಕಡೆಯ ಮೆಕ್ಕಲಿನಲ್ಲಿ ಇದರ ಅಗತ್ಯ ಅಷ್ಟಾಗಿ ಇಲ್ಲ. ಕೆಮ್ಮಣ್ಣಿನ ಹಿತ್ತಲಿದ್ದವರು ಮಾತ್ರ ಕೆರೆಯ ಗೋಡನ್ನು ನೆನೆಯಬೇಕು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುವುದು ಈ ನಾಡಿನ ಬಲು ಹಳೆಯ ಪದ್ಧತಿ. ಕೆರೆಯ ಹೂಳೂ ತೆಗೆದಂತಾಯಿತು, ಹೊಲದಿಂದ ಕೊಚ್ಚಿಹೋದ ಸತ್ವವೂ ಹೊಲಕ್ಕೆ ಮರಳಿತು. ನಾಯಕನಹಟ್ಟಿಯ ಸ್ವಾಮಿ ಐದು ಕೆರೆಗಳನ್ನು ಕಟ್ಟಿಸಿದರೆಂಬ ಪ್ರತೀತಿಯನ್ನು ಇಲ್ಲಿ ಸ್ಮರಿಸಬಹುದು.

ಗೊಬ್ಬರ ಹಾಕಿದ ನೆಲಕ್ಕೆ ಕರೆಯದೆಯೇ ಬರುವ ಅತಿಥಿ ಎರೆಹುಳು. ಎರೆ ಎಂಬ ಮಣ್ಣಿನ ಹೆಸರಿಗೂ ಹುಳುವಿನ ಹೆಸರಿಗೂ ಮೂಲ ಬೇರೆಯಿರಬಹುದು. ಭಾಷಾಪಂಡಿತರು ಅದನ್ನು ನೋಡಿಕೊಳ್ಳಲಿ. ಬಾಯಿಮಾತಿನಲ್ಲಿ ಅವೆರಡೂ ಹತ್ತಿರದ ನೆಂಟರಂತೆ ಕೇಳಿಸುತ್ತವೆ. ಜೀವವಿಕಾಸವಾದದಿಂದ ಲೋಕವನ್ನೇ ಅಲುಗಿಸಿದ ಚಾರ್ಲ್ಸ್ ಡಾರ್ವಿನ್ ತನ್ನ ಕೊನೆಯ ಗ್ರಂಥವನ್ನು, 1881ರಲ್ಲಿ, ಬರೆದದ್ದು ಈ ಹುಳುವಿನ ಮೇಲೆ. ಇಂಗ್ಲೆಂಡಿನ ಹಲವೆಡೆ ಎಕರೆಯೊಂದರಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಮೀರಿದ ಮಣ್ಣು ಎರೆಹುಳುಗಳ ಒಡಲಲ್ಲಿ ಹಾದು ಬರುತ್ತದೆಂದು ಅವನು ಲೆಕ್ಕ ಹಾಕಿದನು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಸಂಶೋಧನೆಯಿಂದ ಎರೆಗೊಬ್ಬರದ ತಿಳಿವಳಿಕೆ ಕನ್ನಡ ನಾಡಿನ ಹಳ್ಳಿಗಳನ್ನು ಮುಟ್ಟಿತು. ತೊಟ್ಟಿಯಲ್ಲಿ ಸಾಕುವ ಹುಳುಗಳು ಕಸ ಸಗಣಿಗಳನ್ನು ತಿಂದು ಮೇಲ್ಪದರದಲ್ಲೇ ಬಾಳುವ ಜಾತಿಯವು. ಅವುಗಳಲ್ಲಿ ಆಫ್ರಿಕದ ಮೂಲದವೂ ಉಂಟು. ನೆಲದಲ್ಲಿ ಬಿಲ ತೋಡಿ ಕೆಳಗಿನದನ್ನು ಮೇಲಕ್ಕೆ ತರುವ ನಾಡಹುಳುಗಳೇ ಬೇರೆ. ಕೊಂಡುತಂದ ಹುಳುಗಳನ್ನು ಬರಿಯ ಎರೆಮಣ್ಣಿನಲ್ಲಿ ಬಿಟ್ಟು ಪವಾಡವನ್ನು ಕಾಯುವವರು ಈ ಭೇದವನ್ನರಿಯರು. ನೆಲದಲ್ಲಿ ಆಹಾರ, ತೇವ, ನೆರಳುಗಳಿದ್ದರೆ ನಾಡಹುಳು ತಾನಾಗಿಯೇ ಬರುತ್ತದೆ. ಬೇಸಗೆಯಲ್ಲಿ ಕಾಣದಿದ್ದರೆ ಸತ್ತಿತೆಂದು ಎಣಿಸಬೇಕಿಲ್ಲ. ಆಳಕ್ಕಿಳಿದು ಮುದುಡಿ ಮಲಗಿರುತ್ತದೆ.

ರಾಸಾಯನಿಕ ಗೊಬ್ಬರದ ಮಾತನ್ನೂ ನ್ಯಾಯವಾಗಿ ಆಡಬೇಕು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿದೆ. ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲು. 1960ರ ದಶಕದಲ್ಲಿ ಆಹಾರಕ್ಕಾಗಿ ಹೊರದೇಶದ ಹಡಗನ್ನು ಕಾಯುತ್ತಿದ್ದ ನಾಡು ಹೊಟ್ಟೆ ತುಂಬಿಸಿಕೊಂಡದ್ದರಲ್ಲಿ ನಾಲೆಯ ನೀರಿಗೂ ಹೊಸ ತಳಿಗಳಿಗೂ ಯೂರಿಯಾ ಚೀಲಕ್ಕೂ ಪಾಲಿದೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಯೂರಿಯಾ ಗಿಡಕ್ಕೆ ಉಣಿಸುತ್ತದೆಯೇ ಹೊರತು ಮಣ್ಣಿಗೆ ಉಣಿಸುವುದಿಲ್ಲ. ನಾಲೆಯ ಕೊನೆಯಲ್ಲಿ ನೀರಿಲ್ಲದೆ ಒಣಗುವ ಗದ್ದೆಗಳಿರುವಾಗಲೇ ಮೊದಲಲ್ಲಿ ನೀರು ನಿಂತು ಸವುಳಾಗುವ ನೆಲಗಳೂ ಇರುವುದನ್ನು ನೀರಾವರಿಯ ಸೀಮೆಗಳವರು ಕಂಡಿದ್ದಾರೆ. ಮೊದಲು ರಾಸಾಯನಿಕಗಳನ್ನೇ ನೆಚ್ಚಿ, ಬಳಿಕ ಅವನ್ನು ತೊರೆದು, ದೊಡ್ಡಬಳ್ಳಾಪುರದ ಬಳಿ ಮಾದರಿ ತೋಟವನ್ನು ಬೆಳೆಸಿದ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ಊರೂರು ತಿರುಗಿ ಹೇಳಿದ್ದು ಮಣ್ಣಿಗೆ ಉಣಿಸುವ ಮಾತನ್ನೇ. ಕರ್ನಾಟಕ ಸರ್ಕಾರ 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ಹತ್ತೆಕರೆ ಮೆಕ್ಕೆಜೋಳ ಬೆಳೆಯುವವನು ಸಾಲದ ಲೆಕ್ಕವನ್ನೂ ಮಾರುಕಟ್ಟೆಯನ್ನೂ ನೋಡಿಕೊಂಡು ನಿಧಾನವಾಗಿ ತೀರ್ಮಾನಿಸಬೇಕಾದ ವಿಷಯವಿದು. ಹಿತ್ತಲಿನ ಮೂರಡಿ ಪಟ್ಟಿಗೆ ಅಂತಹ ಸಂದಿಗ್ಧವೇನೂ ಇಲ್ಲ. ಅದಕ್ಕೆ ಬೇಕಾದ ಗೊಬ್ಬರವೆಲ್ಲ ಪ್ರತಿದಿನ ಬೆಳಗ್ಗೆ ಆ ಮನೆಯ ಬಾಗಿಲಿನಿಂದಲೇ ಕಸದ ಗಾಡಿಯನ್ನೇರಿ ಹೋಗುತ್ತದೆ.

ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷಗಳು ಹಿಡಿಯುತ್ತವೆ. ಕಲ್ಲು ಬಿಸಿಲಿಗೆ ಸೀಳಬೇಕು, ಮಳೆಗೆ ಕರಗಬೇಕು, ಹುಲ್ಲು ಹುಟ್ಟಿ ಹುಲ್ಲು ಸಾಯಬೇಕು. ಹರಿಹರದ ಹೊಳೆಯಂಚಿನಲ್ಲಿ ಇಟ್ಟಿಗೆ ಭಟ್ಟಿಗಳಿಗಾಗಿ ಅಗೆದೊಯ್ಯುವುದು ಇಂತಹ ಮಣ್ಣನ್ನೇ. ನದಿ ಸಾವಿರಾರು ಮಳೆಗಾಲಗಳಲ್ಲಿ ಹೊತ್ತುತಂದದ್ದನ್ನು ಯಂತ್ರ ಒಂದು ಮಧ್ಯಾಹ್ನದಲ್ಲಿ ತೋಡಿ ತೆಗೆಯುತ್ತದೆ; ಭಟ್ಟಿಯಲ್ಲಿ ಬೆಂದ ಮಣ್ಣು ಮರಳಿ ಮಣ್ಣಾಗದು. ಮನೆಗೆ ಇಟ್ಟಿಗೆ ಬೇಕೆಂಬುದು ನಿಜ. ಮಣ್ಣು ಮಾರಿದ ರೈತನಿಗೂ ಅವನ ಕಷ್ಟಗಳಿರುತ್ತವೆ. ಆದರೆ ತಗ್ಗಾಗಿ ಉಳಿದ ಆ ಹೊಲದಲ್ಲಿ ಅವನ ಮಕ್ಕಳು ಏನನ್ನು ಬಿತ್ತಬೇಕು ಎಂಬ ಪ್ರಶ್ನೆಗೆ ಇಟ್ಟಿಗೆಯ ಬೆಲೆಯಲ್ಲಿ ಉತ್ತರವಿಲ್ಲ. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುವವರಾದರೂ ತಳಪಾಯ ತೋಡುವ ಮೊದಲು ಮೇಲಿನ ಒಂದಡಿ ಮಣ್ಣನ್ನು ಬೇರೆ ತೆಗೆದು ಮೂಲೆಯಲ್ಲಿ ಒಟ್ಟಿಸಿಕೊಂಡರೆ, ಕಟ್ಟಡ ಮುಗಿದ ಮೇಲೆ ಅದನ್ನೇ ಹಿತ್ತಲಿಗೆ ಹರಡಬಹುದು. ಮೇಸ್ತ್ರಿಗೆ ಮೊದಲೇ ಹೇಳಿದರಾಯಿತು. ಖರ್ಚು ಅರ್ಧ ದಿನದ ಕೂಲಿ.

ನೆಲವೇ ಇಲ್ಲದವರು ತಾರಸಿಯ ಮೇಲೆ ಕುಂಡಗಳಲ್ಲಿ ಸೊಪ್ಪು, ಮೆಣಸಿನಕಾಯಿ, ಬದನೆಗಳನ್ನು ಬೆಳೆಯಬಹುದು. ಅಲ್ಲಿ ಬರಿಯ ಎರೆ ಸಲ್ಲದು. ಕೆಮ್ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿಗಳನ್ನು ಸಮಪಾಲಾಗಿ ಬೆರೆಸಿಕೊಳ್ಳಬೇಕು. ನೆಲವಿರಲಿ, ಕುಂಡವಿರಲಿ, ಮಣ್ಣನ್ನು ಬತ್ತಲೆ ಬಿಡಬಾರದು. ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಲನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಗುಡಿಸಿ ಸುಡುವ ಎಲೆಗಳನ್ನೇ ನಾಲ್ಕು ಬೆರಳು ದಪ್ಪ ಹೊದಿಸಿದರೆ ತೇವ ಉಳಿಯುತ್ತದೆ, ಬಿರುಕು ತಗ್ಗುತ್ತದೆ, ಕಳೆ ಏಳುವುದಿಲ್ಲ. ಹೊದಿಕೆಯೇ ಕೊಳೆತು ಗೊಬ್ಬರವೂ ಆಗುತ್ತದೆ. ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಬೆಳೆ ಅಲಸಂದೆಯನ್ನೋ ಸೆಣಬನ್ನೋ ಚೆಲ್ಲಿ, ಹೂವಾಡುವ ಮೊದಲೇ ಕೊಯ್ದು ಅಲ್ಲಿಯೇ ಹಾಸಿದರೆ, ಅವುಗಳ ಬೇರಿನ ಗಂಟುಗಳಲ್ಲಿರುವ ಜೀವಾಣುಗಳು ಗಾಳಿಯಿಂದ ಹಿಡಿದ ಸಾರಜನಕ ಹಿಂಗಾರಿನ ತರಕಾರಿಗೆ ಒದಗುತ್ತದೆ.

ಮಣ್ಣು ಸುಧಾರಿಸಿತೋ ಇಲ್ಲವೋ ಎಂಬುದನ್ನು ತಿಳಿಯಲು ಪ್ರಯೋಗಶಾಲೆಗೇ ಹೋಗಬೇಕೆಂದಿಲ್ಲ. ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿಡಬೇಕು. ಗೊಬ್ಬರ ಕಾಣದ ಬರಿಯ ನೆಲದಿಂದ ಅಡಕೆಯ ಗಾತ್ರದ ಒಂದು ಒಣ ಹೆಂಟೆಯನ್ನೂ, ಎರಡು ಮೂರು ವರ್ಷ ಗೊಬ್ಬರ ಹೊದಿಕೆಗಳನ್ನು ಕಂಡ ಪಾತಿಯಿಂದ ಅಷ್ಟೇ ಗಾತ್ರದ ಇನ್ನೊಂದನ್ನೂ ತಂದು, ಒಂದೊಂದು ಲೋಟಕ್ಕೆ ಮೆಲ್ಲಗೆ ಇಳಿಬಿಡಬೇಕು. ಮೊದಲನೆಯದು ನೋಡನೋಡುತ್ತಿದ್ದಂತೆ ಬಿರಿದು, ಕುಸಿದು, ನೀರನ್ನೆಲ್ಲ ಬಗ್ಗಡ ಮಾಡುತ್ತದೆ. ಎರಡನೆಯದರಿಂದ ಸಣ್ಣ ಗುಳ್ಳೆಗಳು ಮೇಲೇಳುತ್ತವೆ. ಅದು ಉಸಿರಾಡುತ್ತಿದ್ದ ಸಂದುಗಳ ಗಾಳಿ. ಹತ್ತು ನಿಮಿಷ ಕಳೆದರೂ ಹೆಂಟೆ ಬಹುಮಟ್ಟಿಗೆ ಹಾಗೆಯೇ ನಿಂತಿರುತ್ತದೆ, ನೀರು ತಿಳಿಯಾಗಿರುತ್ತದೆ.